ಶಾಲೆಯ ಕಂಪ್ಯೂಟರ್ ಮೇಲೆ ಚಿಕ್ಕಲಕ್ಷ್ಮಮ್ಮನ ದೂರು

ರೇಷ್ಮೆ ಹುಳು ಸಾಕುವ ಊರಿನಲ್ಲಿ ಹುಳುವಿಗೆ ಕಾಯಿಲೆ ಬಂದರೆ ಮೊದಲು ಯಾರೂ ಔಷಧಿ ಹುಡುಕುವುದಿಲ್ಲ. ಯಾರಿಂದ ಬಂತು ಎಂದು ಹುಡುಕುತ್ತಾರೆ. ಕಾಲು ತೊಳೆಯದೆ ಹುಳುಮನೆಗೆ ನುಗ್ಗಿದವರು ಯಾರು? ಬಾಗಿಲಲ್ಲಿ ನಿಂತು "ಎಷ್ಟು ಚೆಂದಾಗವೆ" ಎಂದು ಕಣ್ಣು ಹಾಕಿದವರು ಯಾರು? ನಮ್ಮೂರಲ್ಲಿ ಹೀಗೆ ಸಿಕ್ಕಿಬಿದ್ದವರ ಪಟ್ಟಿ ದೊಡ್ಡದು. ಅದರಲ್ಲಿ ನೆಂಟರಿದ್ದಾರೆ, ಬಳೆ ಮಾರುವವರಿದ್ದಾರೆ, ಒಂದು ಬೆಕ್ಕೂ ಇದೆ. ಆದರೆ ಎರಡು ಸಾವಿರದ ಎಂಟನೇ ಇಸವಿಯ ಫೆಬ್ರವರಿಯಲ್ಲಿ ಚಿಕ್ಕಲಕ್ಷ್ಮಮ್ಮ ಹಿಡಿದ ಕಳ್ಳ ಮಾತ್ರ ಹೊಸಬ. ಅದು ಹೈಸ್ಕೂಲಿನ ಲೈಬ್ರರಿಯಲ್ಲಿದ್ದ ಕಂಪ್ಯೂಟರ್.

ನಾನು ವಿಮಲಮ್ಮ, ಅವರ ಪಕ್ಕದ ಮನೆಯವಳು. ಎರಡು ಮನೆಗೂ ನಡುವೆ ಒಂದೇ ಗೋಡೆ. ಈ ಕಥೆಯನ್ನು ನಮ್ಮ ಸ್ತ್ರೀಶಕ್ತಿ ಸಂಘದವರು ಹಟ ಹಿಡಿದು ನನ್ನ ಕೈಯಲ್ಲೇ ಬರೆಸಿದ್ದಾರೆ, ಯಾಕೆಂದರೆ ಇದರಲ್ಲಿ ನನ್ನದೂ ಒಂದು ತಪ್ಪಿದೆ. ತಪ್ಪು ಮಾಡಿದವಳೇ ಹೇಳಿದರೆ ಜನ ಕಿವಿಗೊಟ್ಟು ಕೇಳುತ್ತಾರಂತೆ. ಆಗಲಿ, ಹೇಳುತ್ತೇನೆ.

ಚಿಕ್ಕಲಕ್ಷ್ಮಮ್ಮನ ಮಗ ಬಾಲರಾಜು, ಸೊಸೆ, ಇಬ್ಬರೂ ಬೆಳಗ್ಗೆ ಏಳಕ್ಕೆ ಹಾರೋಹಳ್ಳಿಯ ಫ್ಯಾಕ್ಟರಿ ಬಸ್ಸು ಹತ್ತಿದರೆ ಮನೆ ಸೇರುವುದು ದೀಪ ಹಚ್ಚಿದ ಮೇಲೆ. ಹೀಗಾಗಿ ಹುಳುಮನೆಗೆಲ್ಲ ಚಿಕ್ಕಲಕ್ಷ್ಮಮ್ಮನೇ ಯಜಮಾನಿ. ಅವರ ಮೊಮ್ಮಗಳು ದಿವ್ಯ ಒಂಬತ್ತನೇ ಕ್ಲಾಸು. ಶಾಲೆ ಬಿಟ್ಟು ಬಂದವಳೇ ಬ್ಯಾಗು ಮೂಲೆಗೆ ಎಸೆದು ಅಜ್ಜಿಯ ಜೊತೆ ಹುಳುವಿಗೆ ಹಿಪ್ಪುನೇರಳೆ ಸೊಪ್ಪು ಹಾಕುತ್ತಿದ್ದಳು. ಆ ವರ್ಷ ಫ್ಯಾಕ್ಟರಿಯೊಂದರವರು ಶಾಲೆಗೆ ಎರಡು ಕಂಪ್ಯೂಟರ್ ಕೊಟ್ಟರು. ಹೆಡ್‌ಮಾಸ್ತರರು ಒಂದನ್ನು ಆಫೀಸಿನಲ್ಲಿ, ಒಂದನ್ನು ಲೈಬ್ರರಿಯಲ್ಲಿ ಇಡಿಸಿದರು. ಅಲ್ಲಿಂದ ದಿವ್ಯ ಅರ್ಧ ಗಂಟೆ ತಡವಾಗಿ ಬರತೊಡಗಿದಳು. ತಡವಾಗಿ ಬಂದರೂ ಮುಖ ಅರಳಿರುತ್ತಿತ್ತು. ಮೊದಲು ಬಾಯಿ ಬಿಡದ ಹುಡುಗಿ, ಈಗ ಸೊಪ್ಪು ಹರಡುತ್ತಲೇ ಹುಳುವಿಗೆ ಎಷ್ಟು ಕಣ್ಣು, ಎಷ್ಟು ಕಾಲು ಎಂದು ಹೇಳುತ್ತಿದ್ದಳು. ಕನಕಪುರದಲ್ಲಿ ನಡೆಯುವ ವಿಜ್ಞಾನ ಪ್ರದರ್ಶನಕ್ಕೆ ರೇಷ್ಮೆ ಹುಳುವಿನ ಮೇಲೇ ಒಂದು ಪ್ರಾಜೆಕ್ಟ್ ಮಾಡುತ್ತೇನೆ ಎಂದು ಹೆಸರನ್ನೂ ಕೊಟ್ಟಿದ್ದಳು.

ಒಂದು ಗುರುವಾರ ಬೆಳಗ್ಗೆ ನಾನು ಮುದ್ದೆಗೆ ಎಸರಿಟ್ಟಿದ್ದೆ. ಗೋಡೆಯಾಚೆಯಿಂದ ಚಿಕ್ಕಲಕ್ಷ್ಮಮ್ಮನ ಕೂಗು ಕೇಳಿಸಿತು. ಅವರು ಸುಮ್ಮಸುಮ್ಮನೆ ಕೂಗುವವರಲ್ಲ. ಒಲೆ ಹಾಗೇ ಬಿಟ್ಟು ಓಡಿದೆ. ಹುಳುಮನೆಯ ಬಾಗಿಲಲ್ಲಿ ಒಂದು ತಟ್ಟೆ ಹಿಡಿದುಕೊಂಡು ನಿಂತಿದ್ದರು. ಹುಳುಗಳು ನಾಲ್ಕನೇ ಜ್ವರ ಮುಗಿಸಿ, ಎಂದರೆ ನಾಲ್ಕನೇ ಸಲ ಪೊರೆ ಬಿಟ್ಟು ಎದ್ದು, ಸೊಪ್ಪನ್ನು ಕರಕರ ತಿನ್ನುವ ಹೊತ್ತು ಅದು. ಇನ್ನು ನಾಲ್ಕೈದು ದಿನಕ್ಕೆ ಹಣ್ಣಾಗಿ, ಚಂದ್ರಿಕೆ ಎನ್ನುವ ಬಿದಿರಿನ ತಟ್ಟಿ ಹತ್ತಿ ಗೂಡು ಕಟ್ಟಬೇಕು. ಆದರೆ ಆ ತಟ್ಟೆಯಲ್ಲಿ ಅರ್ಧಕ್ಕರ್ಧ ಹುಳು ಊದಿಕೊಂಡು, ತಿನ್ನುವುದನ್ನು ಬಿಟ್ಟು, ತಟ್ಟೆಯ ಅಂಚಿನಲ್ಲಿ ಅಲೆಯುತ್ತಿದ್ದವು.

"ಎಲ್ಡು ತಟ್ಟೆ ಓಯ್ತು ಕನವ್ವ ವಿಮಲಾ," ಅಂದರು. "ಉಳುದ್ವೂ ಇಂಗೇ ಆದ್ರೆ ಏನ್ಮಾಡ್ಲಿ? ಎಲ್ಲಾ ಈ ಕೂಸಿಂದ."

ದಿವ್ಯ ಯೂನಿಫಾರಂ ಹಾಕಿಕೊಂಡು ಅಲ್ಲೇ ನಿಂತಿದ್ದಳು.

"ನಾನೇನ್ ಮಾಡ್ದೆ ಅಜ್ಜಿ?"

"ಇಸ್ಕೂಲ್ನಾಗೆ ಆ ಪೆಟ್ಟಿಗೆ ಮುಂದೆ ಕೂತ್ಕಂಡು ಟಕ ಟಕ ಅಂತ ಒತ್ತಲ್ವಾ ನೀನು? ಆ ಗುಂಡಿಗೋಳ್ನ ಎಲ್ಲಾ ಮಕ್ಳೂ ಮುಟ್ಟಿರ್ತಾವೆ. ಒಂದು ಮೂಗು ಒರೆಸ್ಕಂಡಿರ್ತದೆ, ಒಂದು ಮಣ್ಣಾಡಿರ್ತದೆ. ಅದೇ ಕೈನಾಗೆ ಬಂದು ನಮ್ಮುಳಕ್ಕೆ ಸೊಪ್ಪು ಹಾಕ್ತೀಯ."

"ಕೈ ತೊಳ್ಕಂಡೇ ಬತ್ತೀನಲ್ಲ."

"ತೊಳೀತೀಯ, ಬರೀ ನೀರ್ನಾಗೆ. ಇನ್ಮ್ಯಾಕೆ ಆ ಪೆಟ್ಟಿಗೆ ಮುಟ್ಟಂಗಿಲ್ಲ. ಇಸ್ಕೂಲು ಬುಟ್ಟೇಟ್ಗೆ ಮನೆ. ಪ್ರಾಜೆಕ್ಟೂ ಬ್ಯಾಡ, ಪದಾರ್ಥಾನೂ ಬ್ಯಾಡ."

ಹುಡುಗಿಯ ಕಣ್ಣು ತುಂಬಿತು. ಆದರೆ ಅವಳು ಅಳುತ್ತ ನಿಲ್ಲಲಿಲ್ಲ.

"ಅಜ್ಜಿ, ಒಂದೇ ಒಂದು ಶನಿವಾರ ಕೊಡು. ಹುಳ ಯಾಕೆ ಸತ್ತೋ ನಾನೇ ಹುಡುಕ್ತೀನಿ. ನನ್ನ ಕೈಯಿಂದ್ಲೇ ಆಯ್ತು ಅಂತ ಗೊತ್ತಾದ್ರೆ ಕಂಪ್ಯೂಟರ್‌ನ ನಾನೇ ಬುಟ್ಟುಬುಡ್ತೀನಿ. ನೀನು ಹೇಳೋದೇ ಬ್ಯಾಡ."

ಚಿಕ್ಕಲಕ್ಷ್ಮಮ್ಮ ನನ್ನ ಕಡೆ ತಿರುಗಿದರು. "ವಿಮಲಾ, ನೀನೂ ಒಸಿ ಜೊತೆಗೋಗವ್ವ. ಅಲ್ಲಿ ಏನ್ ಮಾಡ್ತಾವ್ಳೆ ನೋಡ್ಕಂಬಾ. ಇವ್ಳು ಬಂದು ಏನಾರ ಕಟ್ಟಿ ಯೋಳಿದ್ರೆ ನಂಗೊತ್ತಾಗಾಕಿಲ್ಲ."

ಆಗಲಿ ಎಂದೆ. ಯಾಕೋ ಆ ತಟ್ಟೆಯನ್ನು ಇನ್ನೊಮ್ಮೆ ನೋಡಲು ನನಗೆ ಮನಸ್ಸಾಗಲಿಲ್ಲ.

ಶನಿವಾರ ಅರ್ಧ ದಿನದ ಶಾಲೆ. ಮಧ್ಯಾಹ್ನ ನಾನು ಲೈಬ್ರರಿಗೆ ಹೋದಾಗ ವಿಜ್ಞಾನದ ರಹೀಮಾ ಮೇಡಂ ಬಾಗಿಲು ತೆಗೆದಿದ್ದರು. ಲೈಬ್ರರಿಯ ಉಸ್ತುವಾರಿಯೂ ಅವರದೇ. ನಾಲ್ಕು ಬೀರು ಪುಸ್ತಕ, ಒಂದು ಉದ್ದ ಮೇಜು, ಕಿಟಕಿ ಪಕ್ಕ ಕಂಪ್ಯೂಟರ್. ಪಕ್ಕದಲ್ಲೊಂದು ರಿಜಿಸ್ಟರ್ ಪುಸ್ತಕ. ಕೂರುವ ಮೊದಲು ಹೆಸರು, ಗಂಟೆ, ಏನು ಹುಡುಕಲು ಬಂದೆ ಎಂದು ಬರೆಯಬೇಕು. ಒಬ್ಬರಿಗೆ ಅರ್ಧ ಗಂಟೆ. ಗಂಡುಮಕ್ಕಳು ಮೊದಲು, ಹೆಣ್ಣುಮಕ್ಕಳು ಆಮೇಲೆ ಎನ್ನುವ ಲೆಕ್ಕ ಅಲ್ಲಿಲ್ಲ. ರಿಜಿಸ್ಟರಿನಲ್ಲಿ ಯಾರ ಹೆಸರು ಮೇಲಿದೆಯೋ ಅವರು ಮೊದಲು.

"ಏನು ಹುಡುಕ್ತೀಯಾ ದಿವ್ಯ?" ಮೇಡಂ ಕೇಳಿದರು.

"ಸಿಲ್ಕು ಮೇಡಂ."

"ಹುಡುಕು, ನೋಡೋಣ."

ಅವಳು ಒತ್ತಿದಳು. ನೆಟ್ಟು ಫೋನಿನ ತಂತಿಯಲ್ಲಿ ಬರುತ್ತಿತ್ತು, ಅದಕ್ಕೆ ಅವಸರವೇ ಇರಲಿಲ್ಲ. ಕೊನೆಗೆ ಪರದೆ ತುಂಬಾ ಸೀರೆ ಬಂತು. ಹಸಿರು ಸೀರೆ, ಕೆಂಪು ಸೀರೆ, ಅಂಗಡಿಯ ಅಡ್ರೆಸ್ಸು. ನನಗಂತೂ ಖುಷಿಯಾಯಿತು. ಇನ್ನೊಸಿ ಹೊತ್ತು ಹಾಗೇ ಬಿಡು ಮಗ ಎಂದೆ. ಮೇಡಂ ನಕ್ಕುಬಿಟ್ಟರು.

"ನೋಡಿದ್ಯಾ? ಇದಕ್ಕೆ ನಿನ್ನ ಮನಸ್ಸು ಗೊತ್ತಾಗಲ್ಲ. ನಿನ್ನ ಪ್ರಶ್ನೆ ಏನು ಅಂತ ನಿನಗೇ ಸರಿಯಾಗಿ ಗೊತ್ತಿರಬೇಕು. ಮೊದಲು ಪೇಪರ್ ತಗೋ. ಏನು ತಿಳಿಬೇಕೋ ಅದನ್ನ ಕನ್ನಡದಲ್ಲೇ ಬರಿ."

ದಿವ್ಯ ಪೆನ್ನು ಕಚ್ಚಿಕೊಂಡು ಕುಳಿತಳು. ಆಮೇಲೆ ಬರೆದಳು: ನಾಲ್ಕನೇ ಜ್ವರ ಎದ್ದ ಹುಳು ಊದಿಕೊಂಡು, ತಟ್ಟೆಯ ಅಂಚಿನಲ್ಲಿ ಓಡಾಡಿ, ಚರ್ಮ ಒಡೆದು ಬಿಳಿ ನೀರು ಬಂದು ಸಾಯುವುದು ಯಾವ ರೋಗದಿಂದ? ಅದು ಹೇಗೆ ಹರಡುತ್ತದೆ?

"ಇದು ಪ್ರಶ್ನೆ ಅಂದ್ರೆ," ಎಂದರು ಮೇಡಂ. ಇಬ್ಬರೂ ಕೂತು ಅದರಿಂದ ಐದಾರು ಇಂಗ್ಲಿಷ್ ಪದ ಆರಿಸಿ ಒತ್ತಿದರು. ಈ ಸಲ ಸೀರೆ ಬರಲಿಲ್ಲ. ಮೊದಲು ಬಂದದ್ದು ಒಂದು ಬಣ್ಣಬಣ್ಣದ ಪುಟ. ನಮ್ಮ ಪುಡಿ ಉದುರಿಸಿ, ಒಂದೇ ದಿನದಲ್ಲಿ ಎಲ್ಲ ರೋಗವೂ ಮಾಯ ಎಂದು ಬರೆದಿತ್ತು. ದಿವ್ಯ ಅದನ್ನೇ ಬರೆದುಕೊಳ್ಳಲು ಹೊರಟಳು.

"ತಾಳು," ಅಂದರು ಮೇಡಂ. "ಇದನ್ನ ಬರೆದವರು ಯಾರು?"

"ಪುಡಿ ಮಾರೋರು ಮೇಡಂ."

"ಮತ್ತೆ ಅವರು ಪುಡಿ ಚೆನ್ನಾಗಿಲ್ಲ ಅಂತಾರಾ? ಸಂತೆಯಲ್ಲಿ ಬದನೆಕಾಯಿ ಮಾರೋಳ್ನ ಹುಳುಕಿದೆಯಾ ಅಂತ ಕೇಳಿದ್ರೆ ಇದೆ ಅಂತಾಳಾ? ಪರದೆ ಮೇಲೆ ಬಂದ ಮಾತ್ರಕ್ಕೆ ನಿಜ ಅಲ್ಲ. ಯಾರು ಬರೆದರು, ಯಾವಾಗ ಬರೆದರು, ಅವರಿಗೇನು ಲಾಭ, ಇಷ್ಟು ನೋಡು. ಆಮೇಲೆ ಇನ್ನೊಂದು ಕಡೆನೂ ಅದೇ ಮಾತಿದೆಯಾ ನೋಡು."

ನಾನು ಮೂವತ್ತು ವರ್ಷದಿಂದ ಸಂತೆಗೆ ಹೋಗುತ್ತಿದ್ದೇನೆ. ಕಂಪ್ಯೂಟರಿನಲ್ಲೂ ಸಂತೆಯ ಬುದ್ಧಿಯೇ ಬೇಕು ಎಂದು ಗೊತ್ತಾದ ಮೇಲೆ ನನಗೆ ಅದರ ಭಯ ಅರ್ಧ ಹೋಯಿತು.

ಕೆಳಗೆ ಹೋದಂತೆ ರೇಷ್ಮೆ ಸಂಶೋಧನೆ ಮಾಡುವವರು ಬರೆದ ಪುಟ ಸಿಕ್ಕಿತು. ಅದರಲ್ಲೊಂದು ಚಿತ್ರ ನಿಧಾನವಾಗಿ ಮೇಲಿನಿಂದ ಕೆಳಕ್ಕೆ ಮೂಡಿತು. ಊದಿಕೊಂಡ ಹುಳು, ಮಿಂಚುವ ಚರ್ಮ, ಒಡೆದ ಕಡೆ ಹಾಲಿನಂಥ ನೀರು. ದಿವ್ಯ "ಇದೇ, ಇದೇ" ಅಂದಳು. ಮೇಡಂ ಎದ್ದು ಬೀರುವಿನಿಂದ ರೇಷ್ಮೆ ಕೃಷಿಯ ಒಂದು ಹಳೇ ಕನ್ನಡ ಪುಸ್ತಕ ತಂದು ಕೊಟ್ಟರು. ಅದರಲ್ಲೂ ಅದೇ ಚಿತ್ರ, ಹೆಸರು ಹಾಲುರೋಗ. ಎರಡೂ ಕಡೆ ಹೇಳಿದ್ದು ಒಂದೇ. ರೋಗ ಬಂದ ಹುಳುವಿನ ಹಾಲು ಎಲ್ಲೆಲ್ಲಿ ಸೋಕುತ್ತದೋ ಅಲ್ಲೆಲ್ಲ ರೋಗ ಉಳಿಯುತ್ತದೆ. ತಟ್ಟೆ, ನೆಲ, ಕೈ, ಚಂದ್ರಿಕೆ. ತೊಳೆಯದೆ ಇನ್ನೊಂದು ಮನೆಗೆ ಕೊಟ್ಟರೆ ರೋಗವೂ ಜೊತೆಗೆ ಹೋಗುತ್ತದೆ.

ಅಲ್ಲಿ ನನ್ನ ನಗು ನಿಂತಿತು. ಈಗ ನನ್ನ ತಪ್ಪು ಹೇಳುತ್ತೇನೆ. ಮೂರು ವಾರದ ಹಿಂದೆ ನಮ್ಮ ಮನೆಯ ಹುಳುವಿಗೆ ಬಂದದ್ದು ಇದೇ ಕಾಯಿಲೆ. ಹಣ್ಣಾದ ಹುಳುಗಳು ಚಂದ್ರಿಕೆಯ ಮೇಲೇ ಒಡೆದು ಸತ್ತಿದ್ದವು. ಯಾರಿಗೂ ಹೇಳಲಿಲ್ಲ. ನಮ್ಮ ಕಡೆ ಹುಳು ಕೆಟ್ಟರೆ ಹೇಳಿಕೊಳ್ಳುವುದಿಲ್ಲ, ಹೇಳಿದರೆ ಮನೆಗೇ ದೋಷ ಅಂಟಿಸುತ್ತಾರೆ. ಚಂದ್ರಿಕೆಗಳನ್ನು ಅರ್ಧ ದಿನ ಬಿಸಿಲಿಗೆ ಹಾಕಿ ಒಳಗಿಟ್ಟೆ. ವಾರದೊಳಗೆ ಚಿಕ್ಕಲಕ್ಷ್ಮಮ್ಮ ಬಂದು ಹತ್ತು ಚಂದ್ರಿಕೆ ಕೊಡವ್ವ ಅಂದರು. ಒಬ್ಬರ ಗೂಡು ಇಳಿದ ಮೇಲೆ ಇನ್ನೊಬ್ಬರು ಚಂದ್ರಿಕೆ ಇಸ್ಕೊಳ್ಳುವುದು ನಮ್ಮೂರಿನ ವಾಡಿಕೆ. ಇಲ್ಲ ಎನ್ನಲು ಬಾಯಿ ಬರಲಿಲ್ಲ, ಯಾಕೆ ಕೊಡಬಾರದು ಎಂದು ಹೇಳಲೂ ಬಾಯಿ ಬರಲಿಲ್ಲ. ಕೊಟ್ಟೆ.

ಅರ್ಧ ಗಂಟೆ ಮುಗಿಯಿತು. ದಿವ್ಯ ಆ ಪುಟವನ್ನು ಹಾಗೇ ಪ್ರಿಂಟ್ ತೆಗೆಯಬಹುದಾ ಎಂದು ಕೇಳಿದಳು.

"ಪ್ರಿಂಟು ತೆಗೆದರೆ ಪೇಪರ್‌ಗೆ ಗೊತ್ತಾಗತ್ತೆ, ನಿನಗೆ ಗೊತ್ತಾಗಲ್ಲ," ಎಂದರು ಮೇಡಂ. "ಓದಿದ್ದನ್ನ ನಿನ್ನ ಮಾತಲ್ಲಿ ಬರಿ. ಎಲ್ಲಿ ಓದಿದೆ ಅಂತ ಕೆಳಗೆ ಬರಿ. ಆದರೆ ಇನ್ನೂ ಒಂದು ಬಾಕಿ ಇದೆ. ರೋಗ ಹೇಗೆ ಹರಡುತ್ತೆ ಅಂತ ಇವೆರಡೂ ಹೇಳಿದವು. ನಿಮ್ಮನೆಗೆ ಹೇಗೆ ಬಂತು ಅಂತ ಹೇಳ್ತಾವಾ?"

ದಿವ್ಯ ಇಲ್ಲವೆಂದು ತಲೆಯಾಡಿಸಿದಳು.

"ಹಾಗಾದ್ರೆ ನೋಡಿದವರನ್ನ ಕೇಳು. ನಿಮ್ಮಜ್ಜಿ ಎಷ್ಟು ವರ್ಷದಿಂದ ಹುಳು ಸಾಕ್ತಿದ್ದಾರೆ?"

"ನಲವತ್ತು ವರ್ಷ ಆಗೈತೆ ಮೇಡಂ."

"ಅವರೂ ಒಂದು ಲೈಬ್ರರಿನೇ. ಹೋಗಿ ಕೇಳು."

ದಾರಿಯುದ್ದಕ್ಕೂ ಹುಡುಗಿ ಮಾತಾಡಿದಳು, ನಾನು ಹೂಂ ಎನ್ನುತ್ತಿದ್ದೆ. ಹೇಳಿಬಿಡಲೇ, ಬೇಡವೇ? ಹೇಳದಿದ್ದರೆ ಅವಳ ಕಂಪ್ಯೂಟರ್ ಹೋಗುತ್ತದೆ. ಮಂಗಳವಾರ ಹುಳು ಹಣ್ಣಾಗುತ್ತವೆ, ಉಳಿದ ಅಷ್ಟೂ ತಟ್ಟೆಯ ಹುಳುವನ್ನು ನನ್ನ ಚಂದ್ರಿಕೆಗೇ ಬಿಡುತ್ತಾರೆ. ಹೇಳಿದರೆ ನನ್ನ ಮಾನ ಹೋಗುತ್ತದೆ. ಮನೆ ಬಂದರೂ ನನ್ನ ಬಾಯಿ ಬಿಚ್ಚಲಿಲ್ಲ.

ಚಿಕ್ಕಲಕ್ಷ್ಮಮ್ಮ ಜಗುಲಿಯ ಮೇಲೆ ಸೊಪ್ಪು ಹೆಚ್ಚುತ್ತಿದ್ದರು. ದಿವ್ಯ ಪುಸ್ತಕ ಪೆನ್ನು ಹಿಡಿದು ಎದುರಿಗೆ ಕೂತಳು.

"ಅಜ್ಜಿ, ಮೊದಲು ಯಾವ ತಟ್ಟೆ ಕೆಡ್ತು?"

"ಅದ್ಯಾಕೆ ನಿಂಗೆ?"

"ಮೇಡಂ ಕೇಳ್ಕಂಬಾ ಅಂದ್ರು. ನೀನೂ ಒಂದು ಲೈಬ್ರರಿಯಂತೆ."

ಅಜ್ಜಿಯ ಕೈಯಲ್ಲಿ ಕತ್ತಿ ನಿಂತಿತು. ಹಾಗಂತ ಅವರನ್ನು ಯಾರೂ ಕರೆದಿರಲಿಲ್ಲ. ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತರು.

"ಬಾಗಿಲ ತಾವಿರೋವು. ಕೆಳಗಿನ ಎಲ್ಡು ತಟ್ಟೆ."

"ನಾನು ಸೊಪ್ಪು ಹಾಕೋದು ಯಾವ ಕಡೆಗೆ ಅಜ್ಜಿ?"

"ನೀನು ಕಿಟಕಿ ಕಡೇವು. ಬಾಗಿಲ ಕಡೆ ನಾನೇ..." ಹೇಳುತ್ತ ಹೇಳುತ್ತ ಅವರ ಮಾತು ನಿಧಾನವಾಯಿತು. "ನಿನ್ನ ಕಡೆ ತಟ್ಟೆ ಒಂದೂ ಕೆಟ್ಟಿಲ್ಲ ಕನವ್ವ ಮಗ."

"ಬಾಗಿಲ ತಾವ ಇನ್ನೇನೈತೆ?"

"ಇನ್ನೇನು, ವಿಮಲನ ಮನೆಯಿಂದ ತಂದ ಚಂದ್ರಿಕೆ ಒರಗಿಸಿವ್ನಿ."

ದಿವ್ಯ ತಲೆಯೆತ್ತಿ ನನ್ನನ್ನು ನೋಡಿದಳು. ದೂರುವ ನೋಟವಲ್ಲ ಅದು. ಲೈಬ್ರರಿಯಲ್ಲಿ ಪರದೆ ನೋಡುತ್ತಿದ್ದಳಲ್ಲ, ಹಾಗೆ, ಏನು ಬರುತ್ತದೋ ಎಂದು ಕಾಯುವ ನೋಟ.

"ವಿಮಲಕ್ಕ, ನಿಮ್ಮನೇಲಿ ಹೋದ ಸಲ ಹುಳ ಚೆನ್ನಾಗಿದ್ವಾ?"

ಸುಳ್ಳು ಹೇಳಬಹುದಿತ್ತು. ಆ ಹುಡುಗಿ ಪೆನ್ನು ಹಿಡಿದು ಕೂತಿದ್ದಳು, ನಾನು ಏನು ಹೇಳಿದರೂ ಅದನ್ನೇ ಬರೆದುಕೊಳ್ಳುತ್ತಿದ್ದಳು. ನನ್ನ ಸುಳ್ಳು ಆ ಪುಸ್ತಕದಲ್ಲಿ ಕೂರುವುದು ನನಗೆ ಸರಿಬರಲಿಲ್ಲ.

"ಇಲ್ಲ ಕಣವ್ವ," ಎಂದೆ. "ಹಾಲುರೋಗ ಬಂದಿತ್ತು. ಚಂದ್ರಿಕೆ ಮೇಲೇ ಸತ್ವು. ತೊಳೀಲಿಲ್ಲ, ಬಿಸಿಲಿಗೆ ಹಾಕಿ ಕೊಟ್ಬುಟ್ಟೆ. ತಪ್ಪಾಯ್ತು ಲಕ್ಷ್ಮಕ್ಕ."

ಚಿಕ್ಕಲಕ್ಷ್ಮಮ್ಮ ನನ್ನ ಮುಖವನ್ನೇ ನೋಡಿದರು. ಈಗ ಬೈಗುಳ ಬರುತ್ತದೆ ಎಂದು ತಲೆ ತಗ್ಗಿಸಿದೆ. ಬಂತು ಕೂಡ.

"ಥೂ ನಿನ್ನ. ಮೊದ್ಲೇ ಯೋಳಕೇನಾಗಿತ್ತು ನಿಂಗೆ? ನಾನೇನು ಊರೆಲ್ಲಾ ಡಂಗೂರ ಸಾರ್ತಿದ್ನಾ?" ಎಂದವರು ತಾವೇ, "ಸಾರ್ತಿದ್ದೆ ಅನ್ನು," ಎಂದು ಕಿಸಕ್ಕನೆ ನಕ್ಕರು. ನನಗೆ ನಗು ಅಳು ಎರಡೂ ಒಟ್ಟಿಗೇ ಬಂದವು.

ಭಾನುವಾರ ಎರಡು ಮನೆಯವರೂ ಒಟ್ಟಿಗೆ ಕೆಲಸಕ್ಕಿಳಿದೆವು. ಬಾಲರಾಜು ರೇಷ್ಮೆ ಇಲಾಖೆಯ ವಿಸ್ತರಣಾಧಿಕಾರಿಗೆ ಫೋನ್ ಮಾಡಿ, ದಿವ್ಯ ಬರೆದುಕೊಂಡು ಬಂದದ್ದನ್ನು ಓದಿ ಹೇಳಿ, ಸರಿಯೇ ಎಂದು ಕೇಳಿದ. ಸರಿ ಎಂದ ಅವರು ಬ್ಲೀಚಿಂಗ್ ಪುಡಿ, ಸುಣ್ಣ ಎಷ್ಟೆಷ್ಟು ಬೆರೆಸಬೇಕು ಎಂದೂ ಹೇಳಿದರು. ಚಂದ್ರಿಕೆಗೆ ಅಂಟಿದ್ದ ಹಳೇ ಎಳೆಯನ್ನೆಲ್ಲ ಸುಟ್ಟು, ಬ್ಲೀಚಿಂಗ್ ಪುಡಿ ಬೆರೆಸಿದ ತೊಟ್ಟಿಯ ನೀರಿನಲ್ಲಿ ಅದ್ದಿ, ಬಿಸಿಲಿಗೆ ಒಣಹಾಕಿದೆವು. ಕೆಟ್ಟ ಹುಳುವನ್ನು ಕೋಳಿಗೆ ಹಾಕದೆ ಗುಂಡಿ ತೋಡಿ ಸುಣ್ಣ ಹಾಕಿ ಮುಚ್ಚಿದೆವು. ಮಂಗಳವಾರ ಹುಳು ಹಣ್ಣಾದವು. ಶುಕ್ರವಾರ ಬೆಳಗ್ಗೆ ಚಂದ್ರಿಕೆಯ ತುಂಬಾ ಹಳದಿ ಗೂಡು. ಚಿಕ್ಕಲಕ್ಷ್ಮಮ್ಮ ಗೋಡೆಯಾಚೆಯಿಂದ ಕೂಗಿದರು. ಈ ಸಲ ಖುಷಿಯ ಕೂಗು. ನಾನು ಮತ್ತೆ ಒಲೆ ಹಾಗೇ ಬಿಟ್ಟು ಓಡಿದೆ, ಮುದ್ದೆ ತಳ ಹಿಡಿಯಿತು.

ಮಾರನೇ ದಿನ ಶನಿವಾರ. ಚಿಕ್ಕಲಕ್ಷ್ಮಮ್ಮ ಒಳ್ಳೇ ಸೀರೆ ಉಟ್ಟು, "ನಡಿ ವಿಮಲಾ, ಆ ಪೆಟ್ಟಿಗೆ ಎಂಗೈತೆ ನೋಡ್ಕಂಡ್ ಬರವಾ," ಎಂದು ಹೊರಟರು. ಶಾಲೆಯ ನಲ್ಲಿಯಲ್ಲಿ ಕೈಕಾಲು ತೊಳೆದರು. ಚಪ್ಪಲಿ ಹೊರಗೆ ಬಿಟ್ಟರು. ಸೆರಗಿನಲ್ಲಿ ಕೈ ಒರೆಸಿಕೊಂಡು, ಹುಳುಮನೆಗೆ ಕಾಲಿಡುವ ಹಾಗೆ ಮೆಲ್ಲಗೆ ಒಳಗೆ ಬಂದರು. ಅದನ್ನು ನೋಡಿ ಒಳಗಿದ್ದ ಮಕ್ಕಳೂ ಎದ್ದು ಹೋಗಿ ಕೈ ತೊಳೆದು ಬಂದವು.

"ಟೀಚರಮ್ಮ, ಇಲ್ಲೊಂದು ಸೋಪು ಮಡಗಿ," ಎಂದರು. "ಮುಟ್ಟೋಕ್ಮುಂಚೆ ಒಂದ್ಸಲ, ಮುಟ್ಟಿದ್ಮ್ಯಾಕೆ ಒಂದ್ಸಲ ತೊಳ್ಕಳ್ಲಿ. ನಾನು ಯೋಳಿದ್ರಾಗೆ ಒಸಿ ನಿಜಾನೂ ಐತಲ್ವ?"

"ಖಂಡಿತ ಇದೆ ಅಮ್ಮ," ಎಂದರು ರಹೀಮಾ ಮೇಡಂ. ಆ ಸೋಪು ಅಲ್ಲಿ ಇವತ್ತಿಗೂ ಇದೆ.

ದಿವ್ಯ ಪ್ರಾಜೆಕ್ಟನ್ನು ಕಂಪ್ಯೂಟರಿನಲ್ಲಿ ಕನ್ನಡದಲ್ಲೇ ಟೈಪು ಮಾಡಿದ್ದಳು. ಅಜ್ಜಿಗೆ ಓದಲು ಬಾರದು, ಅದಕ್ಕೆ ಅವಳೇ ಗಟ್ಟಿಯಾಗಿ ಓದಿದಳು. ಕೊನೆಯಲ್ಲಿ ಆಧಾರಗಳು ಎಂದು ಒಂದು ಪಟ್ಟಿ. ವಿಷಯ ಎಲ್ಲೆಲ್ಲಿ ಸಿಕ್ಕಿತು ಎಂದು ಅಲ್ಲಿ ಹೇಳಬೇಕಂತೆ. ಮೊದಲು ಕಂಪ್ಯೂಟರಿನ ಪುಟ, ಆಮೇಲೆ ಬೀರುವಿನ ಪುಸ್ತಕ, ವಿಸ್ತರಣಾಧಿಕಾರಿ. ನಾಲ್ಕನೆಯದನ್ನು ಓದುವಾಗ ಅವಳ ದನಿ ಏರಿತು. "ಚಿಕ್ಕಲಕ್ಷ್ಮಮ್ಮ, ನಲವತ್ತು ವರ್ಷ ಹುಳು ಸಾಕಿದವರು."

ಅಜ್ಜಿ ಪರದೆಯ ಹತ್ತಿರ ಬಗ್ಗಿದರು. "ಎಲ್ಲೈತೆ ನನ್ನೆಸ್ರು?" ಎಂದು ಕೇಳಿ, ದಿವ್ಯ ತೋರಿಸಿದ ಕಡೆ ಬೆರಳು ತಾಗಿಸದೆ ನೋಡುತ್ತ ನಿಂತರು. "ಇದು ಅಳಿಸೋಗಾಕಿಲ್ಲ ತಾನೇ?" ಎಂದರು.

"ಇಲ್ಲ ಅಜ್ಜಿ."

"ಅಂಗಾರೆ ದಿನಾ ಅರ್ಧ ಗಂಟೆ ತಡ ಆದ್ರೂ ಆಗ್ಲಿ. ಸೊಪ್ಪು ನಾನಾಕಿರ್ತೀನಿ."

ಕನಕಪುರದ ಪ್ರದರ್ಶನದಲ್ಲಿ ದಿವ್ಯಳಿಗೆ ಬಹುಮಾನ ಬರಲಿಲ್ಲ, ಅದು ಕರೆಂಟಿನ ಗಂಟೆ ಮಾಡಿದ ಹುಡುಗನಿಗೆ ಹೋಯಿತು. ಆದರೆ ಗಂಟೆಯನ್ನು ಒಂದು ಸಲ ಬಾರಿಸಿ ಮುಂದೆ ಬಂದ ಜನ ದಿವ್ಯಳ ಮೇಜಿನ ಮುಂದೆ ಚೀಟಿ ಕೇಳಿ, ಚಂದ್ರಿಕೆ ತೊಳೆಯುವ ಕ್ರಮವನ್ನು ಬರೆದುಕೊಂಡರು. ಉಯ್ಯಂಬಳ್ಳಿಯ ಕಡೆಯ ಒಬ್ಬ ಹೆಂಗಸು ಆಧಾರಗಳ ಪಟ್ಟಿಯ ಐದನೇ ಸಾಲನ್ನು ಬೆರಳಿಟ್ಟು ಓದಿ, ಇವರ್ಯಾರು ಎಂದು ಕೇಳಿದಳು. ಆ ಸಾಲು ಲೈಬ್ರರಿಯಲ್ಲಿ ಓದಿದಾಗ ಇರಲಿಲ್ಲ, ಆಮೇಲೆ ಸೇರಿಸಿದ್ದು. ನಾನೂ ಆಗಲೇ ನೋಡಿದ್ದು. "ವಿಮಲಮ್ಮ, ಪಕ್ಕದ ಮನೆ, ನಿಜ ಹೇಳಿದವರು."

ನಾನೇ ಎಂದು ಹೇಳಿದೆ. ಹೆಮ್ಮೆಯಿಂದಲೇ ಹೇಳಿದೆ.

ಅಕ್ಕತಂಗಿಯರೇ, ಅಣ್ಣಂದಿರೇ, ನಿಮ್ಮ ಊರಿನ ಶಾಲೆಯ ಲೈಬ್ರರಿಯಲ್ಲೂ ಒಂದು ಕಂಪ್ಯೂಟರ್ ಬಟ್ಟೆ ಹೊದ್ದು ಕೂತಿರಬಹುದು. ನಾಳೆಯೇ ಹೋಗಿ, ನಮ್ಮ ಮಕ್ಕಳಿಗೆ ಯಾವ ಹೊತ್ತಿಗೆ ತೆಗೆಯುತ್ತೀರಿ ಎಂದು ಮೇಷ್ಟರನ್ನು ಕೇಳಿ. ಮಗಳನ್ನೂ ಕಳಿಸಿ, ಮಗನನ್ನೂ ಕಳಿಸಿ. ಹೋಗುವ ಮೊದಲು ಪ್ರಶ್ನೆಯನ್ನು ಕಾಗದದ ಮೇಲೆ ಬರೆಯಲಿ. ಪರದೆಯ ಮೇಲೆ ಕಂಡದ್ದನ್ನು ಯಾರು ಬರೆದರು ಎಂದು ನೋಡಲಿ, ಪುಸ್ತಕದ ಜೊತೆ ತಾಳೆ ಹಾಕಲಿ, ತಮ್ಮ ಮಾತಿನಲ್ಲಿ ಬರೆಯಲಿ. ಆಮೇಲೆ ಮನೆಗೆ ಬಂದು ನಿಮ್ಮನ್ನೂ ಕೇಳುತ್ತಾರೆ, ಪೆನ್ನು ಹಿಡಿದು ಎದುರಿಗೆ ಕೂರುತ್ತಾರೆ. ಆಗ ಸೊಪ್ಪು, ಒಲೆ, ಟಿ.ವಿ., ಎಲ್ಲ ಒಂದು ಗಳಿಗೆ ಬಿಡಿ. ನಿಮಗೆ ಗೊತ್ತಿರುವ ನಿಜವನ್ನು ಅವರಿಗೆ ಹೇಳಿ. ನಾನು ಮೂರು ವಾರ ತಡಮಾಡಿದೆ, ನೀವು ಮಾಡಬೇಡಿ.